ಕುತ್ತಿಗೆಯಲ್ಲಿ ಸಿಗದ ಪ್ಯಾರಾಥೈರಾಯ್ಡ್ ಗಡ್ಡೆ: ಸ್ಪೆಕ್ಟ್-ಸಿಟಿ ಯಾವಾಗ, ಹೇಗೆ?

ಗದಗ ಫಿಜಿಶಿಯನ್

ಎಲ್ಲರಿಗೂ ನಮಸ್ಕಾರ. ಹೀಗೊಂದು ಸನ್ನಿವೇಶ ಇಟ್ಟುಕೊಂಡು ಕೇಳುತ್ತಿದ್ದೇನೆ. ವಯಸ್ಸು ಐವತ್ತರ ಆಸುಪಾಸು, ಪದೇ ಪದೇ ಕಿಡ್ನಿ ಹರಳು, ಎಲುಬು ನೋವು. ಕ್ಯಾಲ್ಸಿಯಂ ಡೆಸಿಲೀಟರಿಗೆ 11.9 ಮಿಲಿಗ್ರಾಂ, ಅಲ್ಬುಮಿನ್ 3.5 ಗ್ರಾಂ, ಪಿಟಿಎಚ್ (ಥೈರಾಯ್ಡಿನ ಹಿಂದಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳು ಸುರಿಸುವ, ಕ್ಯಾಲ್ಸಿಯಂ ಏರಿಸುವ ಹಾರ್ಮೋನ್) ಮಿಲಿಲೀಟರಿಗೆ 280 ಪಿಕೋಗ್ರಾಂ. ಕುತ್ತಿಗೆಯ ಅಲ್ಟ್ರಾಸೌಂಡಿನಲ್ಲಿ ಏನೂ ಕಂಡಿಲ್ಲ. ಸೆಸ್ಟಾಮಿಬಿ ಎಂಬ ವಿಕಿರಣಶೀಲ ಔಷಧ ಕೊಟ್ಟು ತೆಗೆದ ಪ್ಲೇನಾರ್ (ಆಳ ತೋರಿಸದ ಚಪ್ಪಟೆ ಚಿತ್ರದ) ಸ್ಕ್ಯಾನಿನ ವರದಿಯಲ್ಲಿ, ಎದೆಮೂಳೆಯ ಮೇಲಂಚಿನ ಕೆಳಗೆ ಮಸುಕಾದ ಒಂದು ಚುಕ್ಕೆ ಎಂದಷ್ಟೇ ಇದೆ. ಇಂಥವರಿಗೆ ನೇರವಾಗಿ ಕಾಂಟ್ರಾಸ್ಟ್ ಸಿಟಿ ಮಾಡಿಸಿದರೆ ಸಾಕೇ, ಅಥವಾ ಸ್ಪೆಕ್ಟ್-ಸಿಟಿ (ಅದೇ ಔಷಧದ ಚಿತ್ರವನ್ನು ಸುತ್ತಲಿನಿಂದ ತೆಗೆದು ಸಿಟಿಯ ಜೊತೆ ಕೂಡಿಸುವುದು) ಬೇಕೇ ಬೇಕೇ?

ಇನ್ನೊಂದು ಮಾತು. ಮುಂಡರಗಿ ಕಡೆ ಎಲುಬು ನೋವು ಎಂದರೆ ಎಲ್ಲರೂ ಮೊದಲು ಫ್ಲೋರೈಡ್ ನೀರಿನ ಕಡೆ ಬೆರಳು ತೋರಿಸುತ್ತಾರೆ. ಎರಡನ್ನೂ ಬೇರ್ಪಡಿಸುವುದು ಹೇಗೆ?

ಹುಬ್ಬಳ್ಳಿ ಎಂಡೋಕ್ರೈನ್

ಎರಡನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ ಸರ್, ಯಾಕೆಂದರೆ ಅದು ಇತ್ಯರ್ಥವಾಗದೆ ಯಾವ ಸ್ಕ್ಯಾನೂ ಬೇಡ. ಫ್ಲೋರೋಸಿಸ್‌ನಲ್ಲಿ ಪಿಟಿಎಚ್ ಏರಬಹುದು, ಆದರೆ ಅದು ದ್ವಿತೀಯಕ, ಅಂದರೆ ಬೇರೆ ಕಾರಣಕ್ಕೆ ಏರಿದ್ದು. ಕ್ಯಾಲ್ಸಿಯಂ ಸಾಮಾನ್ಯ ಮಟ್ಟದಲ್ಲೋ ಅದಕ್ಕಿಂತ ಕೆಳಗೋ ಇರುತ್ತದೆ. ಎಕ್ಸ್‌ರೇಯಲ್ಲಿ ಎಲುಬು ದಟ್ಟವಾಗಿ, ಮುಂಗೈಯ ಎರಡು ಎಲುಬುಗಳ ನಡುವಿನ ಪೊರೆ ಸುಣ್ಣಗಟ್ಟಿ ಕಾಣುತ್ತದೆ. ಪ್ರಾಥಮಿಕ ಹೈಪರ್‌ಪ್ಯಾರಾಥೈರಾಯ್ಡಿಸಂನಲ್ಲಿ (ಗ್ರಂಥಿಯೇ ಕೆಟ್ಟು ಪಿಟಿಎಚ್ ಹೆಚ್ಚು ಸುರಿಸುವ ರೋಗ) ಇದಕ್ಕೆ ತದ್ವಿರುದ್ಧ: ಬೆರಳಿನ ನಡುವಿನ ಎಲುಬಿನ ಹೆಬ್ಬೆರಳಿನ ಕಡೆಯ ಅಂಚು ಕೊರೆದಂತೆ, ತಲೆಬುರುಡೆ ಉಪ್ಪು-ಮೆಣಸು ಚೆಲ್ಲಿದಂತೆ. ಎರಡೂ ಒಬ್ಬರಲ್ಲೇ ಇರಲಿಕ್ಕೂ ಸಾಧ್ಯ, ಹಾಗಾಗಿ ಫ್ಲೋರೋಸಿಸ್ ಇದೆ ಎಂದು ಕ್ಯಾಲ್ಸಿಯಂ ನೋಡದೆ ಬಿಡಬಾರದು.

ನಿಮ್ಮ ಅಂಕಿಗಳಲ್ಲಿ ಅಲ್ಬುಮಿನ್ ತಿದ್ದುಪಡಿ ಮಾಡಿದರೆ 11.9ಕ್ಕೆ 0.4 ಸೇರಿ 12.3 ಆಗುತ್ತದೆ. 4 ಗ್ರಾಂನಿಂದ ಎಷ್ಟು ಕಡಿಮೆಯೋ ಅದನ್ನು 0.8ರಿಂದ ಗುಣಿಸುವ ಲೆಕ್ಕ. ಇಷ್ಟು ಕ್ಯಾಲ್ಸಿಯಂ ಇದ್ದಾಗ ಪಿಟಿಎಚ್ ಅಡಗಿ ಕೂರಬೇಕಿತ್ತು. 280 ಇದೆ ಎಂದಮೇಲೆ ರೋಗ ಖಚಿತ ಎನ್ನುವ ಹತ್ತಿರಕ್ಕೆ ಬಂದಿದ್ದೀರಿ. ಉಳಿದದ್ದು: ಲಿಥಿಯಂ, ಥಯಾಜೈಡ್ ಮಾತ್ರೆ ಇವೆಯೇ ಕೇಳಿ. ವಿಟಮಿನ್ ಡಿ, ಕ್ರಿಯಾಟಿನಿನ್ ನೋಡಿ. 24 ಗಂಟೆಯ ಮೂತ್ರದ ಕ್ಯಾಲ್ಸಿಯಂ ತೆಗೆಸಿ. ಕ್ಯಾಲ್ಸಿಯಂ-ಕ್ರಿಯಾಟಿನಿನ್ ಕ್ಲಿಯರೆನ್ಸ್ ಅನುಪಾತ 0.01ಕ್ಕಿಂತ ಕೆಳಗಿದ್ದರೆ ಅದು ಕುಟುಂಬದಲ್ಲಿ ಹರಿದು ಬರುವ ಸೌಮ್ಯ ಸ್ಥಿತಿ ಇರಬಹುದು, ಅದಕ್ಕೆ ಶಸ್ತ್ರಚಿಕಿತ್ಸೆ ಇಲ್ಲ, ಸ್ಕ್ಯಾನೂ ಇಲ್ಲ.

ಸ್ಕ್ಯಾನ್ ನೆಗೆಟಿವ್ ಬಂತು ಎಂದು ರೋಗಿಯನ್ನು ಮನೆಗೆ ಕಳಿಸುವುದು ನಡೆಯುತ್ತಲೇ ಇದೆ, ದಯವಿಟ್ಟು ಹಾಗೆ ಮಾಡಬೇಡಿ. ರೋಗ ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ರಕ್ತ ಮತ್ತು ಮೂತ್ರ. ಸ್ಕ್ಯಾನ್ ಮಾಡಿಸುವುದು ಸರ್ಜನ್ನರಿಗೆ ದಾರಿ ತೋರಿಸಲಿಕ್ಕೆ.

ಉಣಕಲ್ ಸರ್ಜನ್

ಆ ದಾರಿಯ ಬಗ್ಗೆಯೇ ಹೇಳುತ್ತೇನೆ. ಬಹುತೇಕರಿಗೆ ಗ್ರಂಥಿ ನಾಲ್ಕು, ಒಂದೊಂದೂ ತೊಗರಿಬೇಳೆಯಷ್ಟು, 30ರಿಂದ 50 ಮಿಲಿಗ್ರಾಂ. ಕೆಳಗಿನ ಜೋಡಿ ಭ್ರೂಣದ ಮೂರನೆಯ ಚೀಲದಿಂದ ಥೈಮಸ್ ಜೊತೆ ಹುಟ್ಟಿ ಇಳಿದು ಬರುತ್ತದೆ, ಮೇಲಿನ ಜೋಡಿ ನಾಲ್ಕನೆಯ ಚೀಲದಿಂದ. ಕೆಳಗಿನದರ ಪ್ರಯಾಣ ಉದ್ದ, ಹಾಗಾಗಿ ಅದು ದವಡೆಯ ಮೂಲೆಯಲ್ಲೇ ಉಳಿಯಬಹುದು, ಕ್ಯಾರೋಟಿಡ್ ಪೊರೆಯೊಳಗೆ ಸೇರಬಹುದು, ಥೈಮಸ್ ಹಿಡಿದುಕೊಂಡು ಎದೆಯೊಳಗೆ ಹೋಗಬಹುದು, ಕೆಲವು ಸಲ ಮಹಾಪಧಮನಿಗೂ ಶ್ವಾಸಕೋಶದ ಧಮನಿಗೂ ನಡುವಿನ ಸಂದಿಯಲ್ಲಿ ಕೂರಬಹುದು.

ಮೇಲಿನದರ ತಕರಾರು ಬೇರೆ. ಅದು ಹುಟ್ಟಿದ ಜಾಗ ಸರಿಯಾಗೇ ಇರುತ್ತದೆ. ಗಡ್ಡೆಯಾಗಿ ಭಾರ ಏರಿದಮೇಲೆ ಅನ್ನನಾಳದ ಪಕ್ಕದ ಸಂದಿಯಲ್ಲಿ ಜಾರಿ ಜಾರಿ ಹಿಂಭಾಗದ ಮೀಡಿಯಾಸ್ಟೈನಮ್ಮಿಗೆ (ಎರಡು ಶ್ವಾಸಕೋಶಗಳ ನಡುವಿನ ಎದೆಯ ಭಾಗ) ಇಳಿಯುತ್ತದೆ. ಮುಂದಿನಿಂದ ತೆಗೆದ ಪ್ಲೇನಾರ್ ಚಿತ್ರದಲ್ಲಿ ಇದೂ ಥೈಮಸ್ಸಿನಲ್ಲಿರುವ ಕೆಳಗ್ರಂಥಿಯೂ ಒಂದೇ ಜಾಗದ ಚುಕ್ಕೆ. ಆದರೆ ಒಂದು ಎದೆಮೂಳೆಯ ಬೆನ್ನಿಗೆ, ಇನ್ನೊಂದು ಬೆನ್ನೆಲುಬಿನ ಮುಂದೆ. ನಡುವೆ ಶ್ವಾಸನಾಳವೇ ಇದೆ. ಮೇಲಿನ ಗ್ರಂಥಿ ಸ್ವರದ ನರದ ಹಿಂದೆ, ಕೆಳಗಿನದು ನರದ ಮುಂದೆ. ತಪ್ಪು ತಿಳಿದು ಮುಂದಿನಿಂದ ಥೈಮಸ್ ಎಳೆಯುತ್ತ ಕೂತರೆ ಗಂಟೆಗಟ್ಟಲೆ ಹುಡುಕಿದರೂ ಸಿಗುವುದಿಲ್ಲ, ಮೇಲಾಗಿ ನರಕ್ಕೆ ಅಪಾಯ.

ಆದ್ದರಿಂದ ಗದಗದ ಡಾಕ್ಟರ್ ಸಾಹೇಬರ ಮೊದಲ ಪ್ರಶ್ನೆಗೆ ನನ್ನ ಉತ್ತರ: ಆ ಮಸುಕಾದ ಚುಕ್ಕೆಗೆ ಆಳ ಗೊತ್ತಾಗದೆ ಕತ್ತಿ ಹಿಡಿಯುವಂತಿಲ್ಲ. ಆಳ ಕೊಡುವುದು ಸ್ಪೆಕ್ಟ್-ಸಿಟಿ. ಮಾರ್ಟೆಲ್ ಎಂಬ ಹಡಗಿನ ಕ್ಯಾಪ್ಟನ್ನರಿಗೆ ಆರು ಶಸ್ತ್ರಚಿಕಿತ್ಸೆಯಲ್ಲೂ ಸಿಗದ ಗಡ್ಡೆ 1932ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಏಳನೆಯದರಲ್ಲಿ ಎದೆಯೊಳಗೆ ಸಿಕ್ಕಿತು. ಅವರು ಅದೇ ವರ್ಷ ಕಿಡ್ನಿ ಹರಳಿನ ತೊಡಕಿನಿಂದ ತೀರಿಕೊಂಡರು. ಆಗ ಬೆರಳು ಮತ್ತು ಅಂದಾಜು ಬಿಟ್ಟರೆ ದಾರಿಯೇ ಇರಲಿಲ್ಲ.

ಹಾವೇರಿ ಪಿಜಿ

ಸರ್, ಒಂದು ಗೊಂದಲ. ಸೆಸ್ಟಾಮಿಬಿ ಥೈರಾಯ್ಡಿನಿಂದ ಬೇಗ ತೊಳೆದು ಹೋಗುತ್ತದೆ, ಪ್ಯಾರಾಥೈರಾಯ್ಡ್ ಗಡ್ಡೆಯಲ್ಲಿ ಉಳಿಯುತ್ತದೆ ಎಂದು ಓದುತ್ತೇವೆ. ಹಾಗಿದ್ದರೆ ಸ್ಪೆಕ್ಟ್-ಸಿಟಿಯನ್ನು ಎರಡು ಗಂಟೆ ಆದಮೇಲೇ ಮಾಡಬೇಕಲ್ಲವೇ? ಕೆಲವೆಡೆ ಅರ್ಧ ಗಂಟೆಗೇ ಮಾಡುತ್ತಾರೆ.

ಧಾರವಾಡ ಗಾಮಾ

ಛಲೋ ಕೇಳಿದ್ರಿ. ಓದಿದ್ದು ಖರೇ, ಆದ್ರ ಎಲ್ಲಾ ಗಡ್ಡೆಗೂ ಅಲ್ಲ. ಸೆಸ್ಟಾಮಿಬಿ ಮೈಟೋಕಾಂಡ್ರಿಯಾದಾಗ ಹೋಗಿ ಕೂಡ್ತದ. ಆಕ್ಸಿಫಿಲ್ ಕೋಶ ಹೆಚ್ಚಿದ್ದ ಗಡ್ಡೆ ಅಂದ್ರ ಮೈಟೋಕಾಂಡ್ರಿಯಾ ಭಾಳ, ಅದು ತಾಸುಗಟ್ಟಲೆ ಹಿಡಕೊಂಡು ಇರ್ತದ. ಚೀಫ್ ಕೋಶದ ಗಡ್ಡೆ, ಇಲ್ಲಾ ಪಿ-ಗ್ಲೈಕೋಪ್ರೋಟೀನ್ (ಔಷಧ ಕೋಶದ ಹೊರಗ ತಳ್ಳೂ ಪ್ರೋಟೀನ್) ಹೆಚ್ಚಿದ್ದ ಗಡ್ಡೆ, ಔಷಧವನ್ನ ಥೈರಾಯ್ಡಿನಷ್ಟ ಲಗೂ ಹೊರಗ ಹಾಕ್ತದ. ಅಂಥಾದಕ್ಕ ಎರಡು ತಾಸು ಕಾದ್ರ ಚುಕ್ಕಿ ಮಾಯ. ಅದಕ್ಕ ಒಂದ ಸ್ಪೆಕ್ಟ್-ಸಿಟಿ ಮಾಡೂದಿದ್ರ ಅರ್ಧ ತಾಸಿನ ಹೊತ್ತಿಗೆ ಮಾಡ್ರಿ, ತಡದ ಹೊತ್ತಿಗೆ ಪ್ಲೇನಾರ್ ತಗೀರಿ. ಯಂತ್ರ ಖಾಲಿ ಇದ್ರ ಎರಡೂ ಹೊತ್ತು ಸ್ಪೆಕ್ಟ್ ಮಾಡ್ರಿ, ಆದ್ರ ಸಿಟಿ ಎರಡನೇ ಸಲ ಬ್ಯಾಡ, ಸುಮ್ಮನ ವಿಕಿರಣ.

ಪೂರಾ ಕ್ರಮ ಬರೀತೀನಿ, ತಪ್ಪಾಗೂದು ಇಲ್ಲೇ ಇರ್ತದ.

ಔಷಧ: ಟೆಕ್ನೀಷಿಯಂ-99ಎಂ ಸೆಸ್ಟಾಮಿಬಿ 20ರಿಂದ 25 ಮಿಲಿಕ್ಯೂರಿ. ಕಿಟ್ಟಿಗೆ ಟೆಕ್ನೀಷಿಯಂ ಹಾಕಿದ ಮ್ಯಾಲೆ ಕುದಿಯೋ ನೀರಿನಾಗ 10 ನಿಮಿಷ ಇಡಬೇಕು, ಆಮ್ಯಾಲೆ ಸೀಸದ ಕವಚದಾಗ 15 ನಿಮಿಷ ಆರಬೇಕು. ನೀರು ಬರೇ ಬಿಸಿ ಇತ್ತು, ಕುದೀಲಿಲ್ಲ ಅಂದ್ರ ಬೈಂಡಿಂಗ್ ಅರ್ಧಮರ್ಧ ಆಗ್ತದ, ಬಿಡಿ ಪರ್‌ಟೆಕ್ನಿಟೇಟ್ ಉಳೀತದ. ಅದು ಹೋಗಿ ಥೈರಾಯ್ಡ್, ಹೊಟ್ಟಿ, ಲಾಲಾಗ್ರಂಥಿಗೆ ಸೇರ್ತದ. ಥೈರಾಯ್ಡ್ ಎರಡು ತಾಸಾದ್ರೂ ಬೆಳಗ್ತನ ಇದ್ದು ಹೊಟ್ಟಿನೂ ಜೋರು ಕಂಡ್ರ, ರೋಗಿ ಮ್ಯಾಲೆ ಅನುಮಾನ ಪಡೋಕಿಂತ ಮೊದಲ ಕಿಟ್ ಮ್ಯಾಲೆ ಪಡ್ರಿ. ಶುದ್ಧತೆ ನೂರಕ್ಕ 90ಕ್ಕಿಂತ ಕಡಿಮಿ ಬಂದ್ರ ಚುಚ್ಚಬ್ಯಾಡ್ರಿ.

ಚುಚ್ಚೂದು ಯಾವ ಕೈಗೆ? ಹಿಂದಿನ ಚಿತ್ರದಾಗ ಬಲಗಡೆ ಅನುಮಾನ ಇದ್ರ ಎಡಗೈಗೆ. ಕೊಟ್ಟ ಮ್ಯಾಲೆ 10 ಎಂಎಲ್ ಸಲೈನ್ ಓಡಿಸ್ರಿ. ರಕ್ತನಾಳದಾಗ ಕಂಕಳ ಹತ್ರ, ಕಾಲರ್ ಎಲುಬಿನ ಕೆಳಗ ಔಷಧ ನಿಂತುಬಿಟ್ರ ಅದ ಎದಿ ಮ್ಯಾಲಿನ ಚುಕ್ಕಿ ಹಂಗ ಕಾಣ್ತದ.

ಪ್ಲೇನಾರ್: 10-15 ನಿಮಿಷಕ್ಕ ಒಂದು, 90ರಿಂದ 150 ನಿಮಿಷದಾಗ ಇನ್ನೊಂದು. ಕುತ್ತಿಗಿ ಸಪರೇಟ್, ಎದಿ ಸಪರೇಟ್ ತಗೀಬೇಕು. ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ: ಚಿತ್ರ ದವಡಿ ಮೂಲಿಯಿಂದ ಹೃದಯದ ಬುಡದ ತನಕ ಬರಬೇಕು. ಬರೇ ಥೈರಾಯ್ಡ್ ಮ್ಯಾಲೆ ಕ್ಯಾಮೆರಾ ಇಟ್ಟು ತಗದ ಚಿತ್ರದಾಗ ಜಾಗ ತಪ್ಪಿದ ಗಡ್ಡೆ ಹೆಂಗ ಸಿಗ್ತದ?

ಸ್ಪೆಕ್ಟ್: ಲೋ ಎನರ್ಜಿ ಹೈ ರೆಸಲ್ಯೂಶನ್ ಕಾಲಿಮೇಟರ್, 140 ಕೆಇವಿ ಮ್ಯಾಲೆ 20 ಪರ್ಸೆಂಟ್ ಕಿಟಕಿ, 128×128 ಮ್ಯಾಟ್ರಿಕ್ಸ್. 3 ಡಿಗ್ರಿಗೊಂದು ನೋಟದಂಗ 120 ನೋಟ. ಎರಡು ತಲಿ ಕ್ಯಾಮೆರಾ ಆದ್ರ 60 ನಿಲುಗಡೆ, ಒಂದಕ್ಕ 20 ಸೆಕೆಂಡ್, ಒಟ್ಟು 20 ನಿಮಿಷ. ಹೆಗಲ ಕೆಳಗ ಸಣ್ಣ ದಿಂಬು, ಗದ್ದ ಸ್ವಲ್ಪ ಮ್ಯಾಲೆ, ಹಣಿಗೆ ಪಟ್ಟಿ, ಕೈ ಮೈ ಪಕ್ಕ. ಅದ ಮಲಗಿದ ಭಂಗಿಯಾಗ, ಏಳಿಸದಂಗ, ಲೋ ಡೋಸ್ ಸಿಟಿ. ಉಸಿರು ಹಿಡೀರಿ ಅಂತ ಹೇಳಬ್ಯಾಡ್ರಿ, ಹಗುರಕ ಉಸಿರಾಡಲಿ. ಸ್ಪೆಕ್ಟ್ ತಗೊಂಡಾಗ 20 ನಿಮಿಷ ಉಸಿರಾಡ್ಯಾರ, ಸಿಟಿಗೆ ಎದಿ ಉಬ್ಬಿಸಿ ಹಿಡದ್ರ ಎರಡೂ ಕೂಡೂದಿಲ್ಲ.

ವಿದ್ಯಾನಗರ ರೇಡಿಯಾಲಜಿ

ಕೂಡುವ ವಿಷಯ ಬಂತು, ಅಲ್ಲಿಂದಲೇ ಮುಂದುವರಿಸುತ್ತೇನೆ. ಸ್ಪೆಕ್ಟ್ ಮತ್ತು ಸಿಟಿ ಕೂಡಿಸಿದ ಫ್ಯೂಶನ್ ಚಿತ್ರ ತೆರೆದಾಗ ಮೊದಲು ಗಡ್ಡೆ ಹುಡುಕಬಾರದು. ಲಾಲಾಗ್ರಂಥಿಯ ಬಣ್ಣ ಸಿಟಿಯ ಲಾಲಾಗ್ರಂಥಿಯ ಮೇಲೆ ಕೂತಿದೆಯೇ, ಹೃದಯದ ಬಣ್ಣ ಹೃದಯದ ಮೇಲೆ ಇದೆಯೇ, ಇದನ್ನು ನೋಡಬೇಕು. ಸ್ಪೆಕ್ಟ್ ಮುಗಿದು ಸಿಟಿ ಶುರುವಾಗುವ ನಡುವೆ ರೋಗಿ ತಲೆ ಹೊರಳಿಸಿದರೆ ಚುಕ್ಕೆ ಒಂದು ಸೆಂಟಿಮೀಟರ್ ಸರಿಯುತ್ತದೆ. ಒಂದು ಸೆಂಟಿಮೀಟರ್ ಎಂದರೆ ಥೈರಾಯ್ಡಿನ ಹಿಂದಿರುವುದು ಥೈರಾಯ್ಡಿನೊಳಗೆ ಇದ್ದಂತೆ ಕಾಣುತ್ತದೆ. ಅಟೆನ್ಯುಯೇಶನ್ (ದೇಹ ದಾಟುವಾಗ ಕಿರಣ ಕುಂದುವುದು) ತಿದ್ದಿದ ಚಿತ್ರ, ತಿದ್ದದ ಚಿತ್ರ ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಎದೆಮೂಳೆಯ ಹಿಂದಿನ ಸಣ್ಣ ಗಡ್ಡೆ ತಿದ್ದಿದ ಚಿತ್ರದಲ್ಲಿ ಎದ್ದು ಬರುತ್ತದೆ, ಆದರೆ ಜೋಡಣೆ ತಪ್ಪಿದ್ದರೆ ಅದೇ ತಿದ್ದುಪಡಿಯು ನಿಜವಾಗಿ ಇರದ ಚುಕ್ಕೆಯನ್ನೂ ಹುಟ್ಟಿಸುತ್ತದೆ.

ಇನ್ನೊಂದು ಬಹಳ ಸಲ ತಪ್ಪುವುದು: ಹೃದಯದ ಸ್ನಾಯು ಸೆಸ್ಟಾಮಿಬಿಯನ್ನು ವಿಪರೀತ ಹೀರುತ್ತದೆ. ತೆರೆಯ ಮೇಲೆ ಹೃದಯವೇ ಎಲ್ಲ ಹೊಳಪನ್ನೂ ತಿಂದುಬಿಡುತ್ತದೆ. ಪಕ್ಕದಲ್ಲೇ, ಮಹಾಪಧಮನಿಯ ಸಂದಿಯಲ್ಲಿ ಕೂತ ಗಡ್ಡೆ ಕಪ್ಪಾಗಿ ಉಳಿಯುತ್ತದೆ. ಹೃದಯ, ಯಕೃತ್ತನ್ನು ಮುಚ್ಚಿ, ವಿಂಡೋ (ತೆರೆಯ ಹೊಳಪಿನ ಮಿತಿ) ಇಳಿಸಿ ಮತ್ತೊಮ್ಮೆ ನೋಡದೆ ಮೀಡಿಯಾಸ್ಟೈನಮ್ ಖಾಲಿ ಎಂದು ಬರೆಯಬಾರದು.

ಸುಳ್ಳು ಚುಕ್ಕೆಗಳ ಪೈಕಿ ಮೊದಲನೆಯದು ಥೈರಾಯ್ಡ್ ಗಂಟು. ನಮ್ಮ ಭಾಗದಲ್ಲಿ ಗಂಟುಳ್ಳ ಥೈರಾಯ್ಡ್ ಅಪರೂಪವಲ್ಲ, ಫಾಲಿಕ್ಯುಲರ್ ಗಂಟು ಸೆಸ್ಟಾಮಿಬಿಯನ್ನು ತಡದ ಚಿತ್ರದವರೆಗೂ ಹಿಡಿದಿಡಬಲ್ಲದು, ಥೈರಾಯ್ಡ್ ಕ್ಯಾನ್ಸರ್ ಕೂಡ. ಉರಿಯೂತ ಇರುವ ಲಿಂಫ್ ಗ್ರಂಥಿ, ಕಂದು ಕೊಬ್ಬು, ಯುವಕರಲ್ಲಿ ಥೈಮಸ್ ಇವೂ ಸೇರಿಕೊಳ್ಳುತ್ತವೆ. ಇದೇ ರೋಗದಿಂದ ಪಕ್ಕೆಲುಬಿನಲ್ಲಿ ಆದ ಬ್ರೌನ್ ಟ್ಯೂಮರ್ (ಎಲುಬು ಕರಗಿದ ಜಾಗದ ಗಂಟು) ಸಹ ಬೆಳಗುತ್ತದೆ. ಇವೆಲ್ಲದರಲ್ಲೂ ಸಿಟಿಯೇ ತೀರ್ಪು ಕೊಡುವುದು: ಚುಕ್ಕೆಯ ಕೆಳಗೆ ಒಂದು ಗಂಟು ಇದೆಯೇ, ಕೊಬ್ಬು ಇದೆಯೇ, ಎಲುಬು ಇದೆಯೇ.

ಹಾವೇರಿ ಪಿಜಿ

ಹಾಗಿದ್ದರೆ ಥೈರಾಯ್ಡ್ ಗಂಟು ಇದ್ದವರಲ್ಲಿ ಸಬ್‌ಟ್ರ್ಯಾಕ್ಷನ್ ಮಾಡುವುದು ಒಳ್ಳೆಯದಲ್ಲವೇ ಮೇಡಂ?

ವಿದ್ಯಾನಗರ ರೇಡಿಯಾಲಜಿ

ಹೌದು, ಪರ್‌ಟೆಕ್ನಿಟೇಟ್ ಅಥವಾ ಅಯೋಡಿನ್-123 ಕೊಟ್ಟು ಥೈರಾಯ್ಡ್ ಚಿತ್ರ ತೆಗೆದು ಅದನ್ನು ಸೆಸ್ಟಾಮಿಬಿ ಚಿತ್ರದಿಂದ ಕಳೆಯುವುದು. ಗಂಟುಳ್ಳ ಥೈರಾಯ್ಡಿನಲ್ಲಿ ಇದು ಎರಡು ಹಂತದ ಚಿತ್ರಕ್ಕಿಂತ ಸ್ಪಷ್ಟ. ಆದರೆ ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಅಥವಾ ಕಳೆದ ನಾಲ್ಕಾರು ವಾರಗಳಲ್ಲಿ ಅಯೋಡಿನ್ ಕಾಂಟ್ರಾಸ್ಟ್ ಹೋಗಿದ್ದರೆ, ಥೈರಾಯ್ಡ್ ಖಾಲಿ ಕಾಣುತ್ತದೆ, ಕಳೆಯಲು ಏನೂ ಇರುವುದಿಲ್ಲ. ಗದಗದ ಸರ್, ನೀವು ಮೊದಲೇ ಕಾಂಟ್ರಾಸ್ಟ್ ಸಿಟಿ ಮಾಡಿಸುವ ಮಾತಾಡಿದಿರಲ್ಲ, ಅದಕ್ಕೇ ಈ ಎಚ್ಚರಿಕೆ. ನ್ಯೂಕ್ಲಿಯರ್ ಮೊದಲು, ಕಾಂಟ್ರಾಸ್ಟ್ ಆಮೇಲೆ. ಕ್ಯಾಲ್ಸಿಯಂ ಏರಿ ಕಿಡ್ನಿ ಸೊರಗಿದವರಲ್ಲಂತೂ ಕ್ರಿಯಾಟಿನಿನ್ ನೋಡದೆ ಕಾಂಟ್ರಾಸ್ಟ್ ಮಾತೇ ಬೇಡ.

ಗದಗ ಫಿಜಿಶಿಯನ್

ಅರ್ಥವಾಯಿತು ಮೇಡಂ. ಹಾಗಾದರೆ 4ಡಿ ಸಿಟಿ ಯಾವಾಗ?

ವಿದ್ಯಾನಗರ ರೇಡಿಯಾಲಜಿ

ಸ್ಪೆಕ್ಟ್-ಸಿಟಿ ಏನೂ ಹೇಳದಿದ್ದಾಗ, ಇಲ್ಲವೇ ಒಮ್ಮೆ ಆಪರೇಶನ್ ಆಗಿಯೂ ಕ್ಯಾಲ್ಸಿಯಂ ಇಳಿಯದಿದ್ದಾಗ. ಕಾಂಟ್ರಾಸ್ಟ್ ಇಲ್ಲದೆ ಒಂದು, ಚುಚ್ಚಿದ 25-30 ಸೆಕೆಂಡಿಗೆ ಒಂದು, 80 ಸೆಕೆಂಡಿನ ಆಸುಪಾಸು ಇನ್ನೊಂದು. ಥೈರಾಯ್ಡ್ ಅಯೋಡಿನ್ ತುಂಬಿ ಮೊದಲೇ ಬೆಳ್ಳಗಿರುತ್ತದೆ, ಗಡ್ಡೆ ಕಪ್ಪಗಿರುತ್ತದೆ. ಎರಡನೆಯದರಲ್ಲಿ ಗಡ್ಡೆ ಧಗ್ಗನೆ ಬೆಳಗಿ ಮೂರನೆಯದರಲ್ಲಿ ಇಳಿಯುತ್ತದೆ. ಲಿಂಫ್ ಗ್ರಂಥಿ ಹೀಗೆ ಬೇಗ ಏರಿ ಬೇಗ ಇಳಿಯುವುದಿಲ್ಲ. ಗಡ್ಡೆಯ ಒಂದು ತುದಿಗೆ ಉಬ್ಬಿದ ರಕ್ತನಾಳ ಬಂದು ಸೇರುವುದೂ ಒಳ್ಳೆಯ ಸುಳಿವು. ತೊಂದರೆ ಎರಡು: ಹೆಗಲಿನಿಂದಾಗಿ ಎದೆಯ ಬಾಯಿಯ ಮಟ್ಟದಲ್ಲಿ ಗೆರೆಗೆರೆ ಬೀಳುತ್ತದೆ, ಥೈರಾಯ್ಡಿಗೆ ವಿಕಿರಣ ಹೆಚ್ಚು. ಸೆಸ್ಟಾಮಿಬಿ 20 ಮಿಲಿಕ್ಯೂರಿಗೆ ಒಟ್ಟು ದೇಹಕ್ಕೆ ಸುಮಾರು 6ರಿಂದ 7 ಮಿಲಿಸೀವರ್ಟ್, ಲೋ ಡೋಸ್ ಸಿಟಿ ಅದಕ್ಕೆ ಅಲ್ಪ ಸೇರಿಸುತ್ತದೆ.

ಹುಬ್ಬಳ್ಳಿ ಎಂಡೋಕ್ರೈನ್

ಫ್ಲೋರೋಕೋಲಿನ್ ಪೆಟ್-ಸಿಟಿಯನ್ನೂ (ಫ್ಲೋರಿನ್-18 ಅಂಟಿಸಿದ ಔಷಧದಿಂದ ತೆಗೆಯುವ ಇನ್ನೊಂದು ನ್ಯೂಕ್ಲಿಯರ್ ಸ್ಕ್ಯಾನ್) ಸೇರಿಸಬೇಕು. ಸಣ್ಣ ಗಡ್ಡೆ, ಒಂದಕ್ಕಿಂತ ಹೆಚ್ಚು ಗ್ರಂಥಿಯ ರೋಗ, ಸೆಸ್ಟಾಮಿಬಿ ನೆಗೆಟಿವ್ ಇವುಗಳಲ್ಲಿ ಅದು ಮುಂದೆ. ಸ್ಪೆಕ್ಟ್ ಬಿಡಿಸಿ ತೋರಿಸುವುದು ಒಂದು ಸೆಂಟಿಮೀಟರಿನ ಆಸುಪಾಸಿನವರೆಗೆ, ಪೆಟ್ ಅದಕ್ಕಿಂತ ಚುರುಕು. ಫ್ಲೋರಿನ್-18ರ ಅರ್ಧಾಯುಷ್ಯ 110 ನಿಮಿಷ, ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ದೂರವಿದ್ದರೆ ಔಷಧ ಪ್ರಯಾಣ ಮಾಡುವುದಕ್ಕಿಂತ ರೋಗಿ ಪ್ರಯಾಣ ಮಾಡುವುದೇ ಸುಲಭ. ಇದೂ ಲಿಂಫ್ ಗ್ರಂಥಿಗೆ ಅಂಟುತ್ತದೆ, ಟಿಬಿ ಇದ್ದವರಲ್ಲಿ ಜಾಗ್ರತೆ.

ಉಣಕಲ್ ಸರ್ಜನ್

ಒಂದು ಭಿನ್ನಾಭಿಪ್ರಾಯ. ಮೇಲೆ ನೆಗೆಟಿವ್ ಬಂದಮೇಲೆ ಮುಂದಿನ ಸ್ಕ್ಯಾನ್ ಎಂದು ಹೇಳಲಾಗಿದೆ. ಮೊದಲ ಸಲದ ಶಸ್ತ್ರಚಿಕಿತ್ಸೆಗೆ ಹಾಗೆ ಸಾಲಾಗಿ ಹೋಗುವುದು ಸರಿ. ಆದರೆ ಒಮ್ಮೆ ಕುತ್ತಿಗೆ ತೆರೆದವರಲ್ಲಿ ಒಂದೇ ಸ್ಕ್ಯಾನ್ ಪಾಸಿಟಿವ್ ಬಂದರೂ ನಾನು ಒಪ್ಪುವುದಿಲ್ಲ. ಎರಡು ಬೇರೆ ಬೇರೆ ವಿಧಾನ ಒಂದೇ ಜಾಗ ತೋರಿಸಬೇಕು. ಗಾಯದ ಅಂಟಿನ ನಡುವೆ ಅಂದಾಜಿನ ಕೆಲಸಕ್ಕೆ ಸ್ವರ ಹೋಗುವ ಬೆಲೆ ತೆರಬೇಕಾಗುತ್ತದೆ. ಎರಡನೆಯ ಸಲಕ್ಕೆ ಮುಂಚೆ ಧ್ವನಿಪಟ್ಟಿ ನೋಡಿಸುವುದೂ ಕಡ್ಡಾಯ.

ವರದಿಯಲ್ಲಿ ನನಗೆ ಬೇಕಾದ್ದು, ರೇಡಿಯಾಲಜಿ ಮೇಡಂ ದಯವಿಟ್ಟು ಗಮನಿಸಿ. ಎದೆಮೂಳೆಯ ಮೇಲಿನ ಕುಳಿಯಿಂದ ಎಷ್ಟು ಸೆಂಟಿಮೀಟರ್ ಕೆಳಗೆ. ಶ್ವಾಸನಾಳದ ಮುಂದೆಯೋ, ಪಕ್ಕವೋ, ಅನ್ನನಾಳದ ಹಿಂದೆಯೋ. ಎಡ ಬ್ರೇಕಿಯೋಸೆಫಾಲಿಕ್ ರಕ್ತನಾಳಕ್ಕೂ ಮಹಾಪಧಮನಿಯ ಕಮಾನಿಗೂ ಮೇಲೋ ಕೆಳಗೋ. ಗಡ್ಡೆಯ ಉದ್ದ, ಅಗಲ, ದಪ್ಪ ಮೂರೂ ಅಳತೆ. ಥೈಮಸ್ಸಿನಲ್ಲಿದ್ದು ಕಮಾನಿಗಿಂತ ಮೇಲಿದ್ದರೆ ಸಾಮಾನ್ಯವಾಗಿ ಕುತ್ತಿಗೆಯ ಗಾಯದಿಂದಲೇ ಥೈಮಸ್ ತುದಿ ಹಿಡಿದು ಎಳೆದು ತೆಗೆಯಬಹುದು. ಅದಕ್ಕಿಂತ ಕೆಳಗಿದ್ದರೆ ಎದೆಯ ಪಕ್ಕದಿಂದ ಥೊರಾಕೋಸ್ಕೋಪಿ, ಅದಕ್ಕೆ ಎದೆ ಸರ್ಜನ್ ಬೇಕು, ಅನಸ್ಥೀಸಿಯಾದವರು ಒಂದೇ ಶ್ವಾಸಕೋಶಕ್ಕೆ ಉಸಿರು ಕೊಡುವ ಟ್ಯೂಬ್ ಸಿದ್ಧ ಇಟ್ಟಿರಬೇಕು. ಇದು ಟೇಬಲ್ ಮೇಲೆ ಗೊತ್ತಾಗಬಾರದು.

ಮತ್ತೊಂದು, ಬಹಳ ಜನ ಬಿಟ್ಟುಬಿಡುವುದು: ಅದೇ ಲೋ ಡೋಸ್ ಸಿಟಿಯಲ್ಲಿ ಬಲ ಸಬ್‌ಕ್ಲೇವಿಯನ್ ಧಮನಿ ಅನ್ನನಾಳದ ಹಿಂದಿನಿಂದ ಹೋಗುತ್ತಿದೆಯೇ ನೋಡಿ ಬರೆಯಿರಿ. ಹಾಗಿದ್ದರೆ ಬಲಗಡೆಯ ಸ್ವರದ ನರ ಕೆಳಗಿಳಿದು ಸುತ್ತಿ ಬರುವುದಿಲ್ಲ, ನೇರ ಕುತ್ತಿಗೆಯಲ್ಲೇ ಅಡ್ಡಕ್ಕೆ ಬರುತ್ತದೆ. ಮೊದಲೇ ತಿಳಿದಿದ್ದರೆ ಅದನ್ನು ಉಳಿಸಬಹುದು.

ಹಾವೇರಿ ಪಿಜಿ

ಸಂದೇಹದ ಗಡ್ಡೆಗೆ ಸೂಜಿ ಹಾಕಿ ಪಿಟಿಎಚ್ ನೋಡಬಹುದಲ್ಲ ಸರ್?

ಉಣಕಲ್ ಸರ್ಜನ್

ರೂಢಿಯಾಗಿ ಬೇಡ. ಸೂಜಿಯ ದಾರಿಯಲ್ಲಿ ಕೋಶ ಚೆಲ್ಲಿ ಅಲ್ಲಲ್ಲಿ ಬೆಳೆಯುವ ಅಪಾಯ ಇದೆ, ಸುತ್ತ ಅಂಟು ಕಟ್ಟುತ್ತದೆ. ಥೈರಾಯ್ಡಿನೊಳಗೇ ಹೂತ ಗಡ್ಡೆ ಎಂಬ ಅನುಮಾನ, ಇಲ್ಲವೇ ಎರಡನೆಯ ಸಲದ ಶಸ್ತ್ರಚಿಕಿತ್ಸೆ, ಇಷ್ಟಕ್ಕೆ ಮಾತ್ರ. ಕ್ಯಾನ್ಸರ್ ಸಂದೇಹ ಇದ್ದರೆ ಸೂಜಿ ಮುಟ್ಟಿಸಲೇಬಾರದು.

ಟೇಬಲ್ ಮೇಲಿನ ಪರೀಕ್ಷೆ ರಕ್ತದ ಪಿಟಿಎಚ್. ಅದರ ಅರ್ಧಾಯುಷ್ಯ 3ರಿಂದ 5 ನಿಮಿಷ. ಗಡ್ಡೆ ತೆಗೆದ 10 ನಿಮಿಷಕ್ಕೆ ಮೊದಲಿನ ಅತಿ ಹೆಚ್ಚಿನ ಅಂಕಿಯ ಅರ್ಧಕ್ಕಿಂತ ಕೆಳಗಿಳಿದರೆ ಹೊಲಿಗೆ ಹಾಕಬಹುದು. ಇಳಿಯದಿದ್ದರೆ ಎರಡನೆಯ ಗಡ್ಡೆ ಇರಬಹುದು. ಒಂದೇ ಗಡ್ಡೆ ಇರುವುದು ನೂರಕ್ಕೆ 80-85 ಮಂದಿಯಲ್ಲಿ, ಉಳಿದವರಲ್ಲಿ ಬಹುತೇಕ ಹಲವು ಗ್ರಂಥಿ ಬೆಳೆದಿರುತ್ತವೆ. ಅವರಲ್ಲೇ ಸ್ಕ್ಯಾನ್ ಹೆಚ್ಚು ಸೋಲುವುದು, ಬೆಳಗಿದ ಒಂದನ್ನು ನೋಡಿ ಉಳಿದವನ್ನು ಮರೆಯುವಂತೆ ಮಾಡುವುದು.

ಹುಬ್ಬಳ್ಳಿ ಎಂಡೋಕ್ರೈನ್

ಎಲುಬು ಬಹಳ ಸವೆದವರಲ್ಲಿ ಗಡ್ಡೆ ತೆಗೆದ ಮರುದಿನದಿಂದಲೇ ಕ್ಯಾಲ್ಸಿಯಂ ಕುಸಿಯುತ್ತದೆ, ಹಸಿದ ಎಲುಬು ಎಲ್ಲವನ್ನೂ ಹೀರುತ್ತದೆ. ತುಟಿ, ಬೆರಳ ತುದಿ ಜುಮ್ಮೆಂದರೆ ತಡ ಮಾಡಬಾರದು. ಊರಿಗೆ ಕಳಿಸುವಾಗ ಕ್ಯಾಲ್ಸಿಯಂ ಮಾತ್ರೆ, ಕ್ಯಾಲ್ಸಿಟ್ರಿಯಾಲ್, ಯಾವ ದಿನ ರಕ್ತ ಪರೀಕ್ಷೆ ಎನ್ನುವುದು ಚೀಟಿಯ ಮೇಲೆ ಬರೆದಿರಲಿ. ಅಲ್ಕಲೈನ್ ಫಾಸ್ಫಟೇಸ್ ಜಾಸ್ತಿ ಇದ್ದವರಲ್ಲಿ ಇದು ಬರುತ್ತದೆಂದು ಮೊದಲೇ ಎಣಿಸಬಹುದು.

ಗದಗ ಫಿಜಿಶಿಯನ್

ಎಲ್ಲರಿಗೂ ಧನ್ಯವಾದ. ಕೊನೆಗೆ ಒಂದು ಪ್ರಾಯೋಗಿಕ ಪ್ರಶ್ನೆ. ಹಳ್ಳಿಯಿಂದ ಬೆಳಿಗ್ಗೆ ಬಸ್ಸಿಗೆ ಹೊರಡುವವರಿಗೆ ಏನು ಹೇಳಿ ಕಳಿಸಬೇಕು? ಯಾವ ದಿನ ಕಳಿಸಿದರೆ ಒಳ್ಳೆಯದು?

ಧಾರವಾಡ ಗಾಮಾ

ಮೊದಲ ಫೋನ್ ಮಾಡಿ ಅಪಾಯಿಂಟ್‌ಮೆಂಟ್ ತಗೊಳ್ರಿ. ಟೆಕ್ನೀಷಿಯಂ ಜನರೇಟರ್ (ಮಾಲಿಬ್ಡಿನಂನಿಂದ ಟೆಕ್ನೀಷಿಯಂ ತಗಿಯೂ ಡಬ್ಬಿ) ಮುಂಬೈ ಕಡೆಯಿಂದ ಬರ್ತದ, ಅದರಾಗಿನ ಮಾಲಿಬ್ಡಿನಂ ಅರ್ಧಾಯುಷ್ಯ 66 ತಾಸು. ಮೂರು ದಿನಕ್ಕ ಅರ್ಧಕ್ಕಿಂತ ಸ್ವಲ್ಪ ಕಡಿಮಿ ಉಳೀತದ, ಐದು ದಿನಕ್ಕ ನೂರಕ್ಕ 28 ಅಷ್ಟ. ವಾರದ ಕೊನೀಗೆ ರೋಗಿ ಭಾಳ ಇದ್ರ ಡೋಸ್ ಇಳಸೂ ಪರಿಸ್ಥಿತಿ ಬರ್ತದ, ಡೋಸ್ ಇಳದ್ರ ಸಣ್ಣ ಗಡ್ಡೆ ಗದ್ದಲದಾಗ ಮುಳುಗ್ತದ. ಅದಕ್ಕ ಹೊಸ ಜನರೇಟರ್ ಬಂದ ಒಂದೆರಡು ದಿನದಾಗ ಇಂಥಾ ಕೇಸ್ ಹಾಕಿಸ್ರಿ.

ಉಪವಾಸ ಬೇಕಿಲ್ಲ, ನಾಷ್ಟಾ ಮಾಡಿ ಬರಲಿ. ಕ್ಯಾಲ್ಸಿಯಂ ಹೆಚ್ಚಿದ್ದವರು ನೀರು ಚೆನ್ನಾಗಿ ಕುಡೀಲಿ, ಆದ್ರ ಟೇಬಲ್ ಮ್ಯಾಲೆ ಮಲಗೂ ಮುಂಚೆ ಮೂತ್ರಕ್ಕ ಹೋಗಿ ಬರಲಿ, ಇಲ್ಲಂದ್ರ 20 ನಿಮಿಷ ಅಲುಗಾಡದ ಇರೂದು ಆಗೂದಿಲ್ಲ. ಬೆನ್ನು ನೋವಿನವರಿಗೆ ಮೊಣಕಾಲ ಕೆಳಗ ದಿಂಬು. ಕೊರಳಾಗಿನ ತಾಳಿ ಸರ, ಕಿವಿ ಓಲೆ ಮನ್ಯಾಗ ಬಿಚ್ಚಿಟ್ಟು ಬರಲಿಕ್ಕೆ ಹೇಳ್ರಿ, ಸಿಟಿಯಾಗ ಗೆರಿ ಬೀಳ್ತದ. ಅಲ್ಲಿ ಬಂದ ಮ್ಯಾಲೆ ತಾಳಿ ಬಿಚ್ರಿ ಅಂದ್ರ ಹಿರಿಯರಿಗೆ ಸಂಕಟ ಆಗ್ತದ, ಮೊದಲ ಗೊತ್ತಿದ್ರ ದಾರದಾಗ ಪೋಣಿಸಿಕೊಂಡು ಬರ್ತಾರ. ಬಸುರಿ ಇದ್ದಾರೋ, ಮಗುವಿಗೆ ಹಾಲು ಕೊಡ್ತಾರೋ ಅಂತ ಬರೀರಿ. ಎರಡನೇ ಚಿತ್ರ ಮುಗಿಯೂತನಕ ಮೂರ್ನಾಲ್ಕು ತಾಸು, ಹಾವೇರಿ, ಗದಗ ಕಡೆಯವರು ಮಧ್ಯಾಹ್ನದ ಬಸ್ಸಿಗೆ ಟಿಕೆಟ್ ತಗೀಬಾರದು. ಹಳೇ ಅಲ್ಟ್ರಾಸೌಂಡ್, ಪಿಟಿಎಚ್ ಕಾಗದ, ಹಿಂದಿನ ಆಪರೇಶನ್ ನೋಟ್ಸ್ ಎಲ್ಲಾ ಕೈಯಾಗ ಇರಲಿ. ಮತ್ತ ನಿಮ್ಮ ಚೀಟಿ ಮ್ಯಾಲೆ ಬರೇ ಪ್ಯಾರಾಥೈರಾಯ್ಡ್ ಸ್ಕ್ಯಾನ್ ಅಂತ ಬರೀಬ್ಯಾಡ್ರಿ. ದವಡಿಯಿಂದ ಹೃದಯದ ತನಕ, ಅರ್ಧ ತಾಸಿಗೆ ಸ್ಪೆಕ್ಟ್-ಸಿಟಿ, ತಡದ ಪ್ಲೇನಾರ್, ಹಿಂದಿನ ಚುಕ್ಕಿ ಎಲ್ಲಿತ್ತು ಅನ್ನೂದು, ಅಷ್ಟೂ ಬರೀರಿ.